ಸಾಗರದವಳ ಊಟ ಹುಡುಕುತ್ತಾ ಜಪಾನ್ ಸುತ್ತಿದ್ದು

ನಾವು ನಾಲ್ವರು ಕಾಲೇಜಿನ ದಿನಗಳಲ್ಲಿ ಹಾಸ್ಟೆಲ್‌ನ ಒಂದೇ ರೂಮಿನಲ್ಲಿದ್ದವರು. ಆಗಿನಿಂದಲೂ ಒಬ್ಬರನ್ನೊಬ್ಬರು ಕರೆಯುವುದು ಊರಿನ ಹೆಸರಿನಲ್ಲೇ. ಸಾಗರ, ಧಾರವಾಡ, ಮಂಗಳೂರು, ಮತ್ತೆ ನಾನು ಮೈಸೂರು. ಎಲ್ಲರಿಗೂ ನಲವತ್ತು ದಾಟುವ ಹೊತ್ತಿಗೆ, ಗಂಡ ಮಕ್ಕಳು ಅತ್ತೆ ಮಾವ ಎಲ್ಲರನ್ನೂ ಹತ್ತು ದಿನ ಮನೆಯಲ್ಲೇ ಬಿಟ್ಟು ಒಂದು ಸಲ ಎಲ್ಲಾದರೂ ದೂರ ಹೋಗಿಬರೋಣ ಅಂತ ಮಾತಾಯಿತು. 2023ರ ನವೆಂಬರ್‌ನಲ್ಲಿ ಅದು ಜಪಾನ್ ಆಯಿತು.

ಜಪಾನ್ ಅಂತ ಒಪ್ಪಿಕೊಳ್ಳೋಕೆ ಒಂದು ಸಂಜೆ ಸಾಕಾಯಿತು. ಊಟದ ವಿಷಯಕ್ಕೆ ಮಾತ್ರ ವಾಟ್ಸಾಪ್‌ನಲ್ಲಿ ತಿಂಗಳುಗಟ್ಟಲೆ ಚರ್ಚೆ. ಮಂಗಳೂರು ಮೀನಿಲ್ಲದೆ ತುತ್ತು ಎತ್ತದವಳು, ಸುಶಿ ತಿನ್ನೋಕೆ ಅಂತಲೇ ಬರುತ್ತಿದ್ದಳು. ಧಾರವಾಡಕ್ಕೆ ಯಾವುದಾದರೂ ಸರಿ, ಬಿಸಿ ಇರಬೇಕು, ಹೊಟ್ಟೆ ತುಂಬಬೇಕು. ನಾನು ಮೊಟ್ಟೆ ಕೋಳಿ ತಿನ್ನುತ್ತೇನೆ, ಮೀನಿಗೆ ಸ್ವಲ್ಪ ಅಳುಕು. ಸಾಗರ ಹವ್ಯಕರ ಮನೆಯ ಹುಡುಗಿ, ಹುಟ್ಟಿದಾಗಿನಿಂದ ಮೊಟ್ಟೆಯನ್ನೂ ಮುಟ್ಟಿದವಳಲ್ಲ. ಇಡೀ ಪ್ರವಾಸದಲ್ಲಿ ಅವಳು ಕೇಳಿದ್ದು ಒಂದೇ ಒಂದು. ಕೋಯಸಾನ್ ಅನ್ನುವ ಬೆಟ್ಟದ ಮೇಲೆ ಬೌದ್ಧ ದೇವಾಲಯಗಳಿವೆ, ಅಲ್ಲೇ ಉಳಿಯಬಹುದು, ಅಡುಗೆ ಪೂರ್ತಿ ಸಸ್ಯಾಹಾರ, ಒಂದು ರಾತ್ರಿ ಅಲ್ಲಿಗೆ ಹೋಗೋಣ ಅಂದಳು. ಹೋಗೋಕೆ ಅರ್ಧ ದಿನ, ಬರೋಕೆ ಅರ್ಧ ದಿನ, ಅಷ್ಟರಲ್ಲಿ ಹಿರೋಶಿಮಾ ನೋಡಿ ಬರಬಹುದಲ್ವಾ ಅಂತ ವಾದ ಮಾಡಿದವಳು ನಾನೇ. ಕೊನೆಗೆ ಅವಳು ಇನ್ನೇನೂ ಕೇಳಿಲ್ಲ ಪಾಪ ಅಂತ ಒಪ್ಪಿಕೊಂಡೆವು. ಜುಲೈನಲ್ಲೇ ಬುಕ್ ಮಾಡಿದೆವು. ರಾತ್ರಿ ಊಟ, ಬೆಳಗಿನ ಊಟ ಸೇರಿ ತಲೆಗೆ 13,000 ಯೆನ್, ಅಂದರೆ ಆಗಿನ ಲೆಕ್ಕದಲ್ಲಿ 7,200 ರೂಪಾಯಿ ಹತ್ತಿರ.

ಟೋಕಿಯೋ ಮೊದಲು. ಅಲ್ಲಿ ಮೊದಲ ದಿನವೇ ನಾವು ಕೊಂಬಿನಿಗೆ ಒಗ್ಗಿಹೋದೆವು. ಕೊಂಬಿನಿ ಅಂದರೆ ಇಪ್ಪತ್ತನಾಲ್ಕು ಗಂಟೆಯೂ ತೆರೆದಿರುವ ಅಂಗಡಿ, ಬೀದಿಗೆ ಎರಡಾದರೂ ಇರುತ್ತವೆ. ಅಲ್ಲಿ ಸಿಗುವ ಒನಿಗಿರಿ ನೋಡಬೇಕು ನೀವು. ಮುಷ್ಟಿಗಾತ್ರದ ಮೂರು ಮೂಲೆಯ ಅನ್ನದ ಉಂಡೆ, ಒಳಗೆ ಒಂದು ಚೂರು ನೆಂಚಿಕೊಳ್ಳುವ ಪದಾರ್ಥ, ಹೊರಗೆ ನೋರಿ ಅನ್ನುವ ಸಮುದ್ರ ಪಾಚಿಯ ಹಾಳೆ. ಅನ್ನದ ತೇವಕ್ಕೆ ನೋರಿ ಮೆತ್ತಗಾಗಬಾರದು ಅಂತ ಎರಡರ ನಡುವೆ ತೆಳುವಾದ ಪ್ಲಾಸ್ಟಿಕ್ ಇಟ್ಟಿರುತ್ತಾರೆ. ಕವರಿನ ಮೇಲೆ 1, 2, 3 ಅಂತ ಬರೆದಿರುತ್ತೆ. 1 ಹಿಡಿದು ಕೆಳಗೆ ಎಳೆದರೆ ನಡುವೆ ಸೀಳಿಕೊಳ್ಳುತ್ತೆ, ಆಮೇಲೆ 2, 3 ಎರಡು ಕಡೆಗೆ ಎಳೆದರೆ ಒಳಗಿನ ಪ್ಲಾಸ್ಟಿಕ್ ಜಾರಿ ಹೊರಗೆ ಬರುತ್ತೆ, ನೋರಿ ಹಪ್ಪಳದ ಹಾಗೆ ಗರಿಗರಿಯಾಗಿ ಅನ್ನಕ್ಕೆ ಅಂಟಿಕೊಳ್ಳುತ್ತೆ. ನಾನು ಮೊದಲು ಅಡ್ಡಾದಿಡ್ಡಿ ಹರಿದು ಅನ್ನವೆಲ್ಲ ಮಡಿಲಿಗೆ ಬಿತ್ತು. ಎರಡನೇ ಸಲ ಸರಿಯಾಗಿ ಬಿಚ್ಚಿದಾಗ ಒಂಥರಾ ಖುಷಿ. ಇನ್ನೂರು ಯೆನ್‌ಗಿಂತ ಕಮ್ಮಿಯ ಒಂದು ಉಂಡೆ ಅನ್ನಕ್ಕೆ ಯಾರೋ ಕೂತು ಇಷ್ಟು ಯೋಚಿಸಿದ್ದಾರಲ್ಲ ಅಂತ.

ಸಾಗರಕ್ಕೆ ಉಮೆ ಹಾಕಿದ ಒನಿಗಿರಿ ಹಿಡಿಸಿತು. ಉಮೆ ಒಂದು ಜಾತಿಯ ಹುಳಿ ಹಣ್ಣು, ಅದನ್ನು ಉಪ್ಪಲ್ಲಿ ಹಾಕಿ ಬಿಸಿಲಲ್ಲಿ ಒಣಗಿಸಿದರೆ ಉಮೆಬೋಶಿ. ಬಾಯಿಗಿಟ್ಟ ಕೂಡಲೇ ಕಣ್ಣು ಮುಚ್ಚಿಕೊಂಡು, "ಇದು ನಮ್ಮ ಅಪ್ಪೆಮಿಡಿಯ ತಂಗಿ ಕಣೇ" ಅಂದಳು. ಖಾರ ಇಲ್ಲ, ಸಾಸಿವೆ ಇಲ್ಲ, ಬರೀ ಉಪ್ಪು ಹುಳಿ. ಆದರೆ ಅನ್ನದ ನಡುವೆ ಅದು ಮಾಡುವ ಕೆಲಸ ಅಪ್ಪೆಮಿಡಿ ಮಾಡುವ ಕೆಲಸವೇ.

ಆ ಎರಡು ದಿನ ಅವಳ ಮಧ್ಯಾಹ್ನದ ಊಟ ಉಡಾನ್ ಅನ್ನುವ ಸಾರಿನ ಶ್ಯಾವಿಗೆ. ಹೋಟೆಲಿನ ಬಾಗಿಲ ಹತ್ತಿರವೇ ಮಿಷನ್ ಇರುತ್ತೆ, ಚಿತ್ರ ನೋಡಿ ಗುಂಡಿ ಒತ್ತಿ ದುಡ್ಡು ಹಾಕಿದರೆ ಚೀಟಿ ಬರುತ್ತೆ, ಚೀಟಿ ಒಳಗೆ ಕೊಟ್ಟರೆ ಬಟ್ಟಲು ಬರುತ್ತೆ. ದಪ್ಪನೆಯ ಬಿಳಿ ಗೋಧಿ ಶ್ಯಾವಿಗೆ, ಮೇಲೊಂದು ಸಿಹಿಯಾಗಿ ಬೇಯಿಸಿದ ಕರಿದ ತೋಫು, ಅಂದರೆ ಸೋಯಾ ಹಾಲಿನ ಪನೀರ್, ಒಂಚೂರು ಹಸಿರು, ಕಂದು ಬಣ್ಣದ ತಿಳಿಸಾರು. ಚಿತ್ರ ನೋಡಿ, "ಮೀನಿನ ತುಂಡು ಏನೂ ಇಲ್ಲ, ಧೈರ್ಯವಾಗಿ ತಿನ್ನು" ಅಂತ ಹೇಳಿದ್ದು ನಾನೇ. ಅವಳು ಸಾರನ್ನು ಬಟ್ಟಲೆತ್ತಿ ಕೊನೆಯ ಹನಿಯವರೆಗೆ ಕುಡಿದಳು. ಎರಡೂ ದಿನ.

ಮೂರನೇ ದಿನ ಬೆಳಿಗ್ಗೆ ಸುಕಿಜಿಗೆ ಹೋದೆವು. ಮೀನಿನ ದೊಡ್ಡ ಸಗಟು ಮಾರುಕಟ್ಟೆ 2018ರ ಅಕ್ಟೋಬರ್‌ನಲ್ಲಿ ಅಲ್ಲಿಂದ ತೊಯೊಸುಗೆ ಹೋಯಿತು, ಆದರೆ ಹೊರಗಿನ ಗಲ್ಲಿಗಳ ಅಂಗಡಿಗಳು ಹಾಗೇ ಇವೆ. ಮಂಗಳೂರು ಬೆಳಿಗ್ಗೆ ಎಂಟಕ್ಕೇ ಒಂದು ಸಣ್ಣ ಅಂಗಡಿಯ ಮರದ ಕೌಂಟರ್ ಮುಂದೆ ಕೂತಳು. ಒಳಗಿದ್ದ ಅಜ್ಜ ಕೈ ಒದ್ದೆ ಮಾಡಿಕೊಂಡು ಅನ್ನ ತಗೊಂಡು, ಎರಡೇ ಬೆರಳಲ್ಲಿ ಒತ್ತಿ, ಮೇಲೆ ಮೀನಿನ ಹೋಳಿಟ್ಟು ಒಂದೊಂದನ್ನೇ ಎದುರಿಗಿಡುತ್ತಿದ್ದರು. ಇಟ್ಟ ಕೂಡಲೇ ತಿನ್ನಬೇಕು, ಅನ್ನ ಇನ್ನೂ ಮೈಬಿಸಿಯಷ್ಟು ಬೆಚ್ಚಗಿರುತ್ತೆ. ಇವಳು ಕಡ್ಡಿಯಲ್ಲಿ ಒದ್ದಾಡುತ್ತಿದ್ದಾಗ ಅಜ್ಜ ಕೈ ತೋರಿಸಿ ಕೈಯಲ್ಲೇ ತಿನ್ನಿ ಅಂತ ಸನ್ನೆ ಮಾಡಿದರು. ಸುಶಿಯನ್ನು ಕೈಯಲ್ಲಿ ತಿನ್ನುವುದು ಅಲ್ಲಿ ಸರಿಯಾದ ಪದ್ಧತಿಯೇ. ಇನ್ನೊಂದನ್ನೂ ಅವರೇ ತೋರಿಸಿಕೊಟ್ಟರು. ಸೋಯಾ ಸಾಸ್‌ಗೆ ಅನ್ನದ ಕಡೆ ಅದ್ದಬಾರದು, ಮಗುಚಿ ಮೀನಿನ ಕಡೆ ಸ್ವಲ್ಪ ತಾಗಿಸಬೇಕು. ಅನ್ನ ಅದ್ದಿದರೆ ಉಪ್ಪು ಹೀರಿ ಉದುರಿಹೋಗುತ್ತೆ. ಮಂಗಳೂರು ಒಂಬತ್ತು ತಿಂದಳು. ಅವಳ ಪಕ್ಕ ಕೂತು ನಾನೂ ಎರಡು ತಿಂದೆ, ಹಸಿ ಮೀನು ನನ್ನ ಗಂಟಲಲ್ಲಿ ಇಳಿಯಿತು ಅನ್ನೋದು ನನಗೇ ಆಶ್ಚರ್ಯ.

ಅಲ್ಲಿಂದ ನಾಲ್ಕು ಹೆಜ್ಜೆ ಮುಂದೆ ಕತ್ಸುವೊಬುಶಿ ಮಾರುವ ಅಂಗಡಿ. ಕತ್ಸುವೊ ಅಂದರೆ ಟ್ಯೂನಾ ಜಾತಿಯ ಒಂದು ಮೀನು. ಅದನ್ನು ಬೇಯಿಸಿ, ಹೊಗೆ ಹಾಕಿ, ಬೂಷ್ಟು ಹಿಡಿಸಿ, ತಿಂಗಳುಗಟ್ಟಲೆ ಒಣಗಿಸುತ್ತಾರೆ. ಕೊನೆಗೆ ಸೌದೆ ತುಂಡಿನ ಹಾಗೆ ಆಗುತ್ತೆ, ಎರಡನ್ನು ತಾಕಿಸಿದರೆ ಟಣ್ ಅನ್ನುತ್ತೆ. ಬಡಗಿಯ ಉಜ್ಜುಗೊರಡನ್ನು ಮಗುಚಿ ಪೆಟ್ಟಿಗೆಗೆ ಕೂರಿಸಿದಂಥ ಒಂದು ಸಾಧನದ ಮೇಲೆ ಆ ತುಂಡನ್ನು ಉಜ್ಜಿದರೆ ಕೆಳಗೆ ಕಾಗದದಂಥ ಗುಲಾಬಿ ಹೆರೆ ಬೀಳುತ್ತೆ. ಮಂಗಳೂರು ವಾಸನೆ ನೋಡಿ ನಿಂತುಬಿಟ್ಟಳು. ಲಕ್ಷದ್ವೀಪದ ಕಡೆ ಟ್ಯೂನಾ ಬೇಯಿಸಿ ಹೊಗೆ ಹಾಕಿ ಒಣಗಿಸಿ ಮಾಸ್ ಅಂತ ಮಾಡುತ್ತಾರಲ್ಲ, ಅದೇ ಇದು ಅಂದಳು. ಅಂಗಡಿಯಾಕೆ ಖುಷಿಯಾಗಿ ನಾಲ್ಕು ಸಣ್ಣ ಲೋಟಗಳಲ್ಲಿ ಬಿಸಿ ನೀರಿನಂಥದ್ದೇನನ್ನೋ ಕೊಟ್ಟರು. ಸಾಗರ ಟೀ ಅಂದುಕೊಂಡು ಒಂದು ಗುಟುಕು ಕುಡಿದಳು. ಲೋಟ ಕೆಳಗಿಟ್ಟು ನನ್ನ ಮುಖ ನೋಡಿದಳು. "ಇದು ನಿನ್ನೆ ಉಡಾನಿನ ಸಾರು ಅಲ್ದನೇ?"

ಹೌದು, ಅದೇ ಸಾರು. ಆ ಹೆರೆಯನ್ನೂ ಕೊಂಬು ಅನ್ನುವ ಒಣ ಸಮುದ್ರ ಪಾಚಿಯನ್ನೂ ಬಿಸಿ ನೀರಿಗೆ ಹಾಕಿ ಸೋಸಿದರೆ ಬರುವುದು ದಾಶಿ. ಅದು ಜಪಾನಿ ಅಡುಗೆಯ ತಳಪಾಯ. ಮಿಸೋ ಸಾರು, ಶ್ಯಾವಿಗೆ, ಬೇಯಿಸಿದ ತರಕಾರಿ, ಎಷ್ಟೋ ಕಡೆ ದೋಸೆಯಂಥ ತಿಂಡಿಯ ಹಿಟ್ಟಿಗೂ ಅದೇ. ಕಣ್ಣಿಗೆ ಕಾಣುವುದಿಲ್ಲ, ಹಾಗಾಗಿ ಮೀನು ಅಂತ ಯಾರೂ ಹೇಳುವುದೂ ಇಲ್ಲ, ಅವರಿಗದು ನಮ್ಮ ಒಗ್ಗರಣೆಯ ಹಾಗೆ.

ಸಾಗರ ಹೊರಗೆ ಹೋಗಿ ಪಕ್ಕದ ಅಂಗಡಿಯ ಮೆಟ್ಟಿಲ ಮೇಲೆ ಕೂತಳು. ನಾನು ಹತ್ತಿರ ಹೋಗಿ ಕೂತೆ. ತಿಳಿಯದೆ ಆಗಿದ್ದು, ತಪ್ಪು ನನ್ನದು ಅಂದೆ. ಅವಳು ಸ್ವಲ್ಪ ಹೊತ್ತು ಬಿಟ್ಟು ಹೇಳಿದಳು, "ತಿಳೀದೆ ಆಗಿದ್ದಕ್ಕೆ ಏನು ಮಾಡಕ್ಕಾಗ್ತದೆ ಮಾರಾಯ್ತಿ. ಅದಲ್ಲ. ರುಚಿ ಅಷ್ಟು ಚೆನ್ನಾಗಿತ್ತಲ್ಲ, ಅದು ಬೇಜಾರು." ನನಗೆ ಉತ್ತರ ತೋಚಲಿಲ್ಲ. ಇಪ್ಪತ್ತು ವರ್ಷದ ಗೆಳೆತನದಲ್ಲಿ ಅವಳಿಗೆ ನಾನು ಅಷ್ಟು ದೊಡ್ಡ ಅಚಾತುರ್ಯ ಮಾಡಿದ್ದು ಅದೊಂದೇ.

ಅವತ್ತಿನಿಂದ ಅವಳ ಊಟ ನಾಲ್ವರ ಜವಾಬ್ದಾರಿ ಆಯಿತು. ಜಪಾನಿಗೆ ಹೋಗುವ ಸಸ್ಯಾಹಾರಿಗಳಿಗೆ ನಾನು ಹೇಳುವುದು ಇಷ್ಟೇ, ವೆಜಿಟೇರಿಯನ್ ಅಂದರೆ ಸಾಲದು. ಮೇಲಿನ ಮಾಂಸದ ತುಂಡು ತೆಗೆದು ಅದೇ ಸಾರು ಪ್ರೀತಿಯಿಂದ ತಂದುಕೊಡುತ್ತಾರೆ. ಹೋಟೆಲ್ ರಿಸೆಪ್ಷನ್‌ನ ಹುಡುಗಿ ಹತ್ತಿರ ಒಂದು ಕಾರ್ಡಿನ ಮೇಲೆ ಜಪಾನಿಯಲ್ಲಿ ಬರೆಸಿಕೊಂಡೆವು. ಮಾಂಸ, ಮೀನು, ಮೊಟ್ಟೆ ತಿನ್ನುವುದಿಲ್ಲ, ಕತ್ಸುವೊಬುಶಿಯ ದಾಶಿಯೂ ಬೇಡ, ಕೊಂಬು ದಾಶಿ ಆದರೆ ಪರವಾಗಿಲ್ಲ ಅಂತ. ಆ ಕೊನೆಯ ಮಾತು ಬಹಳ ಮುಖ್ಯ. ಬೇಡ ಬೇಡ ಅಂತ ಬರೆದಷ್ಟೇ ಅಲ್ಲ, ಏನು ನಡೆಯುತ್ತೆ ಅಂತ ಬರೆದರೆ ಅಡುಗೆಯವರಿಗೆ ದಾರಿ ಕಾಣುತ್ತೆ. ಬಾಯಲ್ಲಿ ಹೇಳೋಕೆ "ನಿಕು ತೊ ಸಕಾನ ವಾ ತಾಬೆಮಾಸೆನ್" ಕಲಿತೆವು, ಮಾಂಸ ಮೀನು ತಿನ್ನಲ್ಲ ಅಂತ. ಕೆಲವು ಕಡೆ ಕಾರ್ಡ್ ಓದಿ ಎರಡೂ ಕೈ ಅಡ್ಡ ಇಟ್ಟು ಆಗಲ್ಲ ಅಂತ ತಲೆಬಾಗುತ್ತಿದ್ದರು. ಅದು ಅವಮಾನ ಅಲ್ಲ. ಆಗದೇ ಇದ್ದದ್ದನ್ನು ಆಗುತ್ತೆ ಅಂತ ಹೇಳಿ ಏನೋ ಒಂದು ಕೊಡುವವರಿಗಿಂತ ಎಷ್ಟೋ ವಾಸಿ ಅಲ್ವಾ.

ಮರುದಿನ ಕ್ಯೋಟೋಗೆ ಹೊರಡುವ ಮೊದಲು ಟೋಕಿಯೋ ಸ್ಟೇಷನ್ನಿನ ಟಿಕೆಟ್ ಗೇಟಿನ ಒಳಗಿರುವ ಟೀಸ್ ತಾನ್‌ತಾನ್ ಅನ್ನುವ ಹೋಟೆಲಿಗೆ ಹೋದೆವು. ಅಲ್ಲಿ ಹಾಲು ಮೊಟ್ಟೆ ಕೂಡ ಇಲ್ಲದ ರಾಮೆನ್, ಎಳ್ಳಿನ ಗಟ್ಟಿ ಸಾರು, ಖಾರವೂ ಇದೆ. ಸಾಗರ ಕೇಳಿದ್ದನ್ನೇ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡು ತಿಂದಳು. ಧಾರವಾಡ ತನ್ನ ಚೀಲದಿಂದ ಶೇಂಗಾ ಚಟ್ನಿಪುಡಿ ತೆಗೆದು ಅದರ ಮೇಲೆ ಉದುರಿಸಿಕೊಂಡು, "ಈಗ ಖರೇ ಛಲೋ ಆತ್ ನೋಡ" ಅಂದಳು.

ರೈಲಿನ ಬಗ್ಗೆ ಒಂದು ಮಾತು. ಪ್ರವಾಸಿಗರು ಜೆಆರ್ ರೈಲುಗಳಲ್ಲಿ ದೇಶವೆಲ್ಲ ಓಡಾಡೋಕೆ ಕೊಳ್ಳುವ ಏಳು ದಿನದ ಜೆಆರ್ ಪಾಸಿನ ಬೆಲೆ 2023ರ ಅಕ್ಟೋಬರ್‌ನಲ್ಲಿ 29,650 ಯೆನ್‌ನಿಂದ 50,000 ಯೆನ್‌ಗೆ ಹೋಯಿತು. ನಮ್ಮ ಹಾಗೆ ಟೋಕಿಯೋದಿಂದ ಕ್ಯೋಟೋ ಕಡೆಗೆ ಒಂದೇ ಸಲ ಹೋಗಿ ಒಸಾಕಾದಿಂದಲೇ ವಿಮಾನ ಹತ್ತುವವರಿಗೆ ಅದು ದಂಡ. ಶಿಂಕಾನ್ಸೆನ್ ಅನ್ನುವ ಬುಲೆಟ್ ರೈಲಿನ ಟಿಕೆಟ್ ಬಿಡಿಯಾಗಿ ಆಗ 14,000 ಯೆನ್ ಹತ್ತಿರ ಇತ್ತು, ಎರಡೂಕಾಲು ಗಂಟೆಯಲ್ಲಿ ಕ್ಯೋಟೋ. ಬಸ್ಸು ಲೋಕಲ್ ರೈಲಿಗೆ ದುಡ್ಡು ತುಂಬಿಸಿ ಬಳಸುವ ಸುಯಿಕಾ ಕಾರ್ಡ್ ಸಾಕು. ದೊಡ್ಡ ಸೂಟ್‌ಕೇಸುಗಳನ್ನು ಹೋಟೆಲಿನಿಂದ ಹೋಟೆಲಿಗೆ ಕಳಿಸುವ ವ್ಯವಸ್ಥೆ ಇದೆ, ತಕ್ಯೂಬಿನ್ ಅಂತಾರೆ, ಇವತ್ತು ಕೊಟ್ಟರೆ ನಾಳೆ ಅಲ್ಲಿರುತ್ತೆ. ಕೋಯಸಾನ್‌ಗೆ ನಾವು ಬೆನ್ನ ಚೀಲ ಮಾತ್ರ ತಗೊಂಡು ಹೋಗಿದ್ದು ಅದರಿಂದಲೇ.

ಕ್ಯೋಟೋದಲ್ಲಿ ಮೂರು ರಾತ್ರಿ. ಫುಶಿಮಿ ಇನಾರಿಯ ಸಾವಿರಾರು ಕೆಂಪು ಕಮಾನುಗಳ ಫೋಟೋ ನೀವೆಲ್ಲ ನೋಡಿರುತ್ತೀರಿ, ಬೆಳಿಗ್ಗೆ ಆರಕ್ಕೆ ಹೋದರೆ ಜನ ಇರಲ್ಲ, ಅಷ್ಟು ಹೇಳಿದರೆ ಸಾಕು. ನನಗೆ ಮರೆಯೋಕೆ ಆಗದೇ ಇರೋದು ಸಾಂಜೂಸಾನ್‌ಗೆನ್‌ದೋ. ಸುಮಾರು 120 ಮೀಟರ್ ಉದ್ದದ ಮರದ ಮಂಟಪ, 1266ರಲ್ಲಿ ಮತ್ತೆ ಕಟ್ಟಿದ್ದು. ಒಳಗೆ ಕನ್ನೊನ್ ದೇವತೆಯ 1,001 ವಿಗ್ರಹ, ಸಾಲುಸಾಲಾಗಿ. ಅವುಗಳ ಮುಂದೆ 28 ಕಾವಲು ದೇವತೆಗಳು. ಹೆಸರು ಓದುತ್ತಾ ಹೋದರೆ ನಮ್ಮವರೇ! ಬ್ರಹ್ಮ ಇದ್ದಾನೆ, ಇಂದ್ರ ಇದ್ದಾನೆ. ಕರುರ ಅಂತ ಒಬ್ಬ ರೆಕ್ಕೆ ಕೊಕ್ಕು ಇರುವವನು ಕೊಳಲು ಊದುತ್ತಾ ನಿಂತಿದ್ದಾನೆ, ಅದು ಗರುಡ. ಗರುಡನ ಕೈಯಲ್ಲಿ ಕೊಳಲು ನೋಡಿ ನಾಲ್ವರೂ ಎಷ್ಟೋ ಹೊತ್ತು ಅಲ್ಲೇ ನಿಂತೆವು. ಒಳಗೆ ಫೋಟೋ ತೆಗೆಯುವ ಹಾಗಿಲ್ಲ, ಒಳ್ಳೆಯದೇ ಆಯಿತು.

ನಾನ್‌ಜೆನ್‌ಜಿ ದೇವಾಲಯದ ಆಸುಪಾಸಿನಲ್ಲಿ ಯುದೋಫು ತಿಂದೆವು. ಮಣ್ಣಿನ ಪಾತ್ರೆಯಲ್ಲಿ ನೀರು, ತಳದಲ್ಲಿ ಒಂದು ತುಂಡು ಕೊಂಬು, ಅದರಲ್ಲಿ ಬಿಸಿಯಾಗುವ ತೋಫು, ಅಷ್ಟೇ. ಕಾರ್ಡ್ ತೋರಿಸಿದ್ದಕ್ಕೆ ಅದ್ದಿಕೊಳ್ಳುವ ಸಾಸ್ ಮಾತ್ರ ಬದಲಿಸಿ ಬರೀ ಸೋಯಾ ಸಾಸ್ ಕೊಟ್ಟರು. ಜೊತೆಗೆ ಯುಬಾ, ಅಂದರೆ ಸೋಯಾ ಹಾಲು ಕಾಯಿಸಿದಾಗ ಮೇಲೆ ಕಟ್ಟುವ ಕೆನೆ. ಮನೆಯಲ್ಲಿ ಹಾಲಿನ ಕೆನೆ ನಾವು ಹೇಗೆ ಬೆರಳಲ್ಲಿ ಎತ್ತುತ್ತಿದ್ದೆವೋ ಹಾಗೇ ಎತ್ತಿ ಇಡುತ್ತಾರೆ. ಇಂಥದ್ದಕ್ಕೆ ಇಷ್ಟು ದುಡ್ಡಾ ಅಂತ ಧಾರವಾಡ ಶುರು ಮಾಡಿದಳು, ಎರಡನೇ ತುತ್ತಿಗೆ ಸುಮ್ಮನಾದಳು. ತೋಫುಗೆ ರುಚಿ ಇಲ್ಲ ಅಂತ ನಾವು ಹೇಳುವುದು ಬೆಂಗಳೂರಿನ ಪ್ಯಾಕೆಟ್ ತೋಫು ತಿಂದು.

ನವೆಂಬರ್ 11, ಶನಿವಾರ, ಕೋಯಸಾನ್. ಮನೆಯಲ್ಲಿ ಅವತ್ತು ನೀರು ತುಂಬುವ ಹಬ್ಬ. ಕ್ಯೋಟೋದಿಂದ ಒಸಾಕಾ, ನಂಬಾದಿಂದ ನಾನ್ಕಾಯ್ ರೈಲು, ಕೊನೆಯ ಸ್ಟೇಷನ್ ಗೊಕುರಾಕುಬಾಶಿ, ಅಲ್ಲಿಂದ ಕೇಬಲ್ ಕಾರ್ ಐದು ನಿಮಿಷ ಕಡಿದಾಗಿ ಮೇಲಕ್ಕೆ, ಆಮೇಲೆ ಬಸ್ಸು. 800 ಮೀಟರ್ ಎತ್ತರದ ಮೇಲೆ ಒಂದು ಪುಟ್ಟ ಊರು, ನೂರಕ್ಕೂ ಮೇಲೆ ದೇವಾಲಯಗಳು, ಅದರಲ್ಲಿ ಐವತ್ತರಷ್ಟು ಕಡೆ ಯಾತ್ರಿಕರು ಉಳಿಯಬಹುದು. ಕೂಕಾಯ್ ಅನ್ನುವ ಸನ್ಯಾಸಿ 816ರಲ್ಲಿ ಶುರು ಮಾಡಿದ ಜಾಗ. ಅವರನ್ನು ಕೋಬೋ ದಾಯ್ಶಿ ಅಂತಲೂ ಕರೆಯುತ್ತಾರೆ.

ಊರಿನ ಬಾಗಿಲಲ್ಲಿ ನ್ಯೋನಿನ್‌ದೋ ಅಂತ ಒಂದು ಸಣ್ಣ ಮಂಟಪ, ಹೆಂಗಸರ ಮಂಟಪ. ನೂರಾರು ವರ್ಷ ಹೆಂಗಸರು ಅಲ್ಲಿಂದ ಮುಂದೆ ಬರುವ ಹಾಗಿರಲಿಲ್ಲ. ಬೆಟ್ಟದ ಸುತ್ತ ಹೊರಗಿನ ದಾರಿಯಲ್ಲೇ ನಡೆದು, ಮರಗಳ ಸಂದಿಯಲ್ಲಿ ಕಂಡಷ್ಟು ಕಂಡು ಕೈಮುಗಿದು ಹೋಗುತ್ತಿದ್ದರು. 1872ರಲ್ಲಿ ಸರ್ಕಾರ ನಿಷೇಧ ತೆಗೆಯಿತು, ಆದರೂ ಬೆಟ್ಟದ ಮೇಲೆ ಅದು ಪೂರ್ತಿ ಹೋಗಿದ್ದು 1900 ಕಳೆದ ಮೇಲೆಯೇ. ನಾಲ್ಕು ಜನ ಹೆಂಗಸರು ಬೆನ್ನಿಗೆ ಚೀಲ ಹಾಕಿಕೊಂಡು ಅಲ್ಲಿ ಇಳಿದು ಒಳಗೆ ಹೋಗಿ ಊದುಬತ್ತಿ ಹಚ್ಚಿದೆವು. ಅಷ್ಟು ದೂರ ಬಂದು ಅಲ್ಲೇ ನಿಂತವರು ನೆನಪಾದರು.

ನಾವು ಉಳಿದ ದೇವಾಲಯದಲ್ಲಿ ಬಾಗಿಲಲ್ಲೇ ಚಪ್ಪಲಿ ಬಿಡಬೇಕು, ಓಡಾಡೋಕೆ ಒಂದು ಸ್ಲಿಪ್ಪರ್, ತತಾಮಿ ಚಾಪೆಯ ಮೇಲೆ ಅದೂ ಬೇಡ, ಟಾಯ್ಲೆಟ್ಟಿಗೆ ಬೇರೆಯದೇ ಸ್ಲಿಪ್ಪರ್. ಮಡಿ ಗೊತ್ತಿರುವ ಸಾಗರ ಒಂದೇ ಸಲಕ್ಕೆ ಕಲಿತಳು. ಊಟಕ್ಕೆ ಮೊದಲು ಸ್ನಾನ. ಹೆಂಗಸರ ಬಚ್ಚಲು ಬೇರೆ, ಆದರೆ ಎಲ್ಲರಿಗೂ ಸೇರಿ ಒಂದೇ ತೊಟ್ಟಿ. ಸಣ್ಣ ಮಣೆ ಮೇಲೆ ಕೂತು ಸೋಪು ಹಚ್ಚಿ ಪೂರ್ತಿ ತೊಳೆದುಕೊಂಡ ಮೇಲೆಯೇ ಬಿಸಿನೀರ ತೊಟ್ಟಿಗೆ ಇಳಿಯಬೇಕು. ಟವೆಲ್ ನೀರಿಗೆ ತಾಗಿಸಬಾರದು, ಮಡಿಸಿ ತಲೆ ಮೇಲೆ ಇಟ್ಟುಕೊಳ್ಳಬಹುದು. ಮೊದಲ ಎರಡು ನಿಮಿಷ ಬಹಳ ಸಂಕೋಚ. ಆಮೇಲೆ ಮಂಗಳೂರು, "ಹಾಸ್ಟೆಲ್‌ನಲ್ಲಿ ಬಿಸಿನೀರಿಗೆ ಬಕೆಟ್ ಹಿಡ್ಕೊಂಡು ಜಗಳ ಆಡಿದ್ದು ನೆನಪುಂಟಾ?" ಅಂದಳು, ಸಂಕೋಚವೆಲ್ಲ ಹೋಯಿತು. ಹಬ್ಬದ ಎಣ್ಣೆನೀರು ಆಯಿತು ಬಿಡಿ, ಎಣ್ಣೆ ಒಂದಿರಲಿಲ್ಲ.

ಐದೂವರೆಗೆ ಊಟ. ಚಳಿ ಏರುತ್ತಿತ್ತು. ಚಾಪೆಯ ಮೇಲೆ ಕೂತವರ ಮುಂದೆ ಕಾಲಿರುವ ಕೆಂಪು ಅರಗಿನ ತಟ್ಟೆಗಳು, ಒಂದೊಂದು ಬಟ್ಟಲಲ್ಲಿ ಒಂದೊಂದು ಪದಾರ್ಥ. ಈ ಅಡುಗೆಗೆ ಶೋಜಿನ್ ರ್‍ಯೋರಿ ಅಂತ ಹೆಸರು. ಮಾಂಸ ಮೀನು ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಒಂದೇ ಊಟದಲ್ಲಿ ಐದು ರುಚಿ, ಐದು ಬಣ್ಣ, ಐದು ಬಗೆಯ ಅಡುಗೆ ವಿಧಾನ ಇರಬೇಕು ಅಂತ ಲೆಕ್ಕ. ಬಡಿಸಿದ ಹುಡುಗ ಸನ್ಯಾಸಿಗೆ ಇಪ್ಪತ್ತೈದು ಇರಬಹುದು, ಸ್ವಲ್ಪ ಇಂಗ್ಲಿಷ್ ಬರುತ್ತಿತ್ತು, ಕೇಳಿದ್ದಕ್ಕೆಲ್ಲ ನಿಧಾನವಾಗಿ ಹೇಳಿದರು.

ಸಾಗರ ಮೊದಲು ಎತ್ತಿದ್ದು ತಿಳಿಸಾರಿನ ಬಟ್ಟಲು. ಒಂದು ಗುಟುಕು ಕುಡಿದು ನಿಲ್ಲಿಸಿದಳು. ಮತ್ತೆ ಕುಡಿದಳು. ನಮಗೆ ಮೂವರಿಗೂ ಎದೆ ಧಸಕ್ ಅಂದಿತು. "ಅದೇ ರುಚಿ" ಅಂದಳು. ನಾನು ಓಡಿ ಹೋಗಿ ಆ ಹುಡುಗನನ್ನು ಕರೆದುಕೊಂಡು ಬಂದೆ, ಕಾರ್ಡ್ ತೋರಿಸಿದೆ. ಅವರು ನಕ್ಕು ಹೇಳಿದರು, ಇಲ್ಲಿ ಮೀನು ಒಳಗೆ ಬರುವುದೇ ಇಲ್ಲ, ಇದು ರಾತ್ರಿಯೆಲ್ಲ ನೆನೆಸಿದ ಕೊಂಬು ಮತ್ತು ಒಣ ಶಿಯಿಟಾಕೆ ಅಣಬೆಯ ನೀರು. 1908ರಲ್ಲಿ ಟೋಕಿಯೋದ ಪ್ರೊಫೆಸರ್ ಇಕೆದಾ ಕಿಕುನಾಯೆ ಕೊಂಬುವಿನಿಂದಲೇ ಗ್ಲುಟಮೇಟ್ ಬೇರೆ ಮಾಡಿ ಆ ರುಚಿಗೆ ಉಮಾಮಿ ಅಂತ ಹೆಸರಿಟ್ಟಿದ್ದು ನಾನು ಓದಿದ್ದೆ, ಆದರೆ ಓದಿದ್ದು ನಾಲಿಗೆಗೆ ಬಂದಿದ್ದು ಆಗಲೇ. ಸಾಗರ ಬಟ್ಟಲು ಖಾಲಿ ಮಾಡಿದಳು. ಕಣ್ಣಲ್ಲಿ ನೀರಿತ್ತು. ಸುಕಿಜಿಯಿಂದ ಆ ಹೊತ್ತಿನವರೆಗೂ ಅವಳು ಅದನ್ನು ಮನಸ್ಸಲ್ಲೇ ಇಟ್ಟುಕೊಂಡಿದ್ದಳು ಅಂತ ನನಗೆ ಗೊತ್ತಾಗಿದ್ದು ಆಗ.

ಆಮೇಲೆ ಅವಳು ಊಟದ ಯಜಮಾನಿ ಆದಳು. ಬೂದು ಬಣ್ಣದ, ಕಪ್ಪು ಚುಕ್ಕೆಯ, ಕಡ್ಡಿಯಿಂದ ಜಾರುವ ಒಂದು ತುಂಡು ಇತ್ತು, ಕೊನ್ಯಾಕು. ಇದೇನು ಅಂತ ಕೇಳಿದಾಗ ಗೆಡ್ಡೆ ಅಂದರು, ಫೋನಿನಲ್ಲಿ ಗಿಡದ ಚಿತ್ರ ತೋರಿಸಿದರು. "ಅಯ್ಯೋ, ಇದು ಸುವರ್ಣಗೆಡ್ಡೆ ಕುಲ!" ಅಂದಳು. ನಿಜ, ಎರಡೂ ಹತ್ತಿರದ ನೆಂಟರು. ಅದೂ ತುರಿಸುತ್ತೆ. ನಾವು ಹುಣಸೆ ಹುಳಿ ಹಾಕಿ ತುರಿಕೆ ಕಳೆಯುತ್ತೇವೆ, ಅವರು ಗೆಡ್ಡೆಯ ಹಿಟ್ಟಿಗೆ ಸುಣ್ಣದ ನೀರು ಹಾಕಿ ಗಟ್ಟಿ ಮಾಡುತ್ತಾರೆ. ಕೋಯಾ ದೋಫು ಅಂತ ಇನ್ನೊಂದು, ತೋಫುವನ್ನು ಹೆಪ್ಪುಗಟ್ಟಿಸಿ ಒಣಗಿಸಿ ಮತ್ತೆ ಸಾರಲ್ಲಿ ಬೇಯಿಸಿದ್ದು. ಕಚ್ಚಿದರೆ ರಸಮಲಾಯಿಯಂತೆ ಒಳಗಿನಿಂದ ಸಾರು ಬರುತ್ತೆ. ಈ ಬೆಟ್ಟದ ಚಳಿಯಲ್ಲಿ ಹೊರಗಿಟ್ಟ ತೋಫು ಹೆಪ್ಪುಗಟ್ಟಿ ಹುಟ್ಟಿದ್ದು ಅಂತ ಅವರು ಹೇಳುವ ಕಥೆ.

ಎಲ್ಲಕ್ಕಿಂತ ಮೇಲಿನದು ಗೋಮದೋಫು. ಹೆಸರಲ್ಲಿ ತೋಫು ಇದ್ದರೂ ಸೋಯಾ ಇಲ್ಲ. ಬಿಳಿ ಎಳ್ಳನ್ನು ಸಿಪ್ಪೆ ತೆಗೆದು, ಒಳಗೆ ಗೆರೆಗೆರೆ ಇರುವ ಮಣ್ಣಿನ ಒರಳಲ್ಲಿ ನುಣ್ಣಗೆ ಅರೆದು, ಸೋಸಿ, ಕುಜು ಅನ್ನುವ ಬೇರಿನ ಹಿಟ್ಟು ಸೇರಿಸಿ, ಕೈ ಬಿಡದೆ ತಿರುವುತ್ತಾ ಕಾಯಿಸಿ ಅಚ್ಚಿಗೆ ಹುಯ್ಯುತ್ತಾರೆ. ಬೆಳ್ಳಗೆ, ಮೆತ್ತಗೆ, ಕಡ್ಡಿ ತಾಗಿದರೆ ಅಲುಗುತ್ತೆ. ಮೇಲೆ ಒಂದು ಹನಿ ಸೋಯಾ ಸಾಸ್, ಒಂದು ಚಿಟಿಕೆ ವಸಾಬಿ, ಸಾಸಿವೆಯ ಹಾಗೆ ಮೂಗಿಗೆ ಏರುವ ಹಸಿರು ಚಟ್ನಿ. ಬಾಯಲ್ಲಿ ಎಳ್ಳು ಮೊದಲು ಬರಲ್ಲ, ಕರಗಿ ಹೋಗುವಾಗ ಬರುತ್ತೆ. "ಹಾಲ್ಬಾಯಿ" ಅಂತ ಸಾಗರ, ಧಾರವಾಡ ಇಬ್ಬರೂ ಒಟ್ಟಿಗೆ ಅಂದರು. ಬೆಲ್ಲ ಇಲ್ಲದ ಹಾಲ್ಬಾಯಿ.

ಊಟಕ್ಕೆ ಮೊದಲು ಕೈಮುಗಿದು ಇತದಾಕಿಮಾಸ್ ಅನ್ನಬೇಕು, ತಲೆಬಾಗಿ ಪಡೆಯುತ್ತಿದ್ದೇನೆ ಅಂತ. ಮುಗಿದ ಮೇಲೆ ಗೊಚಿಸೋಸಮಾ. ಅದರ ಮೂಲದಲ್ಲಿ ಓಡಾಡುವುದು ಅನ್ನುವ ಅರ್ಥ ಇದೆಯಂತೆ, ಊಟಕ್ಕಾಗಿ ಅಲ್ಲಿ ಇಲ್ಲಿ ಓಡಿ ಸಾಮಾನು ತಂದು ಮಾಡಿ ಬಡಿಸಿದವರಿಗೆ ಕೃತಜ್ಞತೆ. ನಾವು ಅದನ್ನು ಹೇಳಿ, ಜೊತೆಗೆ ಅನ್ನದಾತಾ ಸುಖೀಭವ ಅಂತಲೂ ಹೇಳಿದೆವು. ಆ ಹುಡುಗ ಅರ್ಥ ಕೇಳಿದರು. ಹೇಳಿದೆವು. ಸುಖೀಭವ ಅಂತ ಮೂರು ಸಲ ಹೇಳಿ ಕಲಿತರು.

ಬೆಳಿಗ್ಗೆ ಆರೂವರೆಗೆ ಪೂಜೆ, ಆಮೇಲೆ ಗೋಮ. ಎಳ್ಳಿಗೂ ಗೋಮ, ಇದಕ್ಕೂ ಗೋಮ, ಆದರೆ ಇದು ಸಂಸ್ಕೃತದ ಹೋಮ. ಕುಂಡ, ಸಮಿತ್ತು, ಎಣ್ಣೆ, ಮಂತ್ರ, ಢಕ್ಕೆಯ ಸದ್ದು. ಅವತ್ತು ನರಕ ಚತುರ್ದಶಿ. ಕತ್ತಲೆಯ ಒಳಮನೆಯಲ್ಲಿ ಬೆಂಕಿ ಮೇಲೇಳುವಾಗ ನಾಲ್ಕೂ ಜನ ಸುಮ್ಮನೆ ಕೈಮುಗಿದು ಕೂತಿದ್ದೆವು.

ಅಲ್ಲಿಂದ ಒಕುನೊಯಿನ್. ಎರಡು ಕಿಲೋಮೀಟರ್ ದಾರಿ, ಎರಡೂ ಕಡೆ ದೇವದಾರುವಿನಂಥ ಭಾರೀ ಮರಗಳು, ಅವುಗಳ ಬುಡದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಸಮಾಧಿಗಳು, ಪಾಚಿ ಹಿಡಿದವು. ಗೆದ್ದಲು ಕೊಲ್ಲುವ ಔಷಧಿಯವರು ತಮ್ಮ ಕೈಯಲ್ಲಿ ಸತ್ತ ಗೆದ್ದಲುಗಳಿಗೆ ಅಂತ ನಿಲ್ಲಿಸಿದ ಕಲ್ಲೂ ಅಲ್ಲಿದೆ. ಎಷ್ಟೋ ಕಲ್ಲುಗಳ ಮೇಲೆ ಸಿದ್ಧಂ ಲಿಪಿ, ಅದೂ ನಮ್ಮ ಕನ್ನಡದ ಹಾಗೆ ಬ್ರಾಹ್ಮಿಯಿಂದ ಬಂದದ್ದೇ. ಕೊನೆಯ ಸೇತುವೆ ದಾಟಿದ ಮೇಲೆ ಟೋಪಿ ತೆಗೆಯಬೇಕು, ಕ್ಯಾಮೆರಾ ಒಳಗಿಡಬೇಕು. ಅದರಾಚೆ ಕೋಬೋ ದಾಯ್ಶಿ ಇದ್ದಾರೆ. 835ರಲ್ಲಿ ಅವರು ತೀರಿಕೊಂಡರು ಅಂತ ಅಲ್ಲಿ ಯಾರೂ ಹೇಳುವುದಿಲ್ಲ, ಧ್ಯಾನದಲ್ಲಿ ಕೂತಿದ್ದಾರೆ ಅಂತಲೇ ಹೇಳುವುದು. ದಿನಕ್ಕೆ ಎರಡು ಸಲ, ಬೆಳಿಗ್ಗೆ ಆರಕ್ಕೆ ಮತ್ತು ಹತ್ತೂವರೆಗೆ, ಅವರಿಗೆ ಊಟ ಹೋಗುತ್ತೆ.

ಹತ್ತೂವರೆಗೆ ನಾವು ಅಲ್ಲಿದ್ದೆವು. ಅಡುಗೆ ಮನೆಯಿಂದ ಬಿಳಿ ಮರದ ಪೆಟ್ಟಿಗೆಯನ್ನು ಇಬ್ಬರು ಸನ್ಯಾಸಿಗಳು ಹೊತ್ತು ಬಂದರು, ಮುಂದೆ ಒಬ್ಬರು. ಮೊದಲು ರುಚಿ ನೋಡುವ ಜಿಝೋ ಅನ್ನುವ ದೇವರ ಸಣ್ಣ ಗುಡಿಯ ಮುಂದೆ ನಿಂತು ಅವನಿಗೆ ತೋರಿಸಿದರು. ಆಮೇಲೆ ಸೇತುವೆ ದಾಟಿ ಒಳಗೆ. ಧಾರವಾಡದ ಮನೆಯವರು ವರ್ಷಕ್ಕೊಂದು ಸಲ ಮಂತ್ರಾಲಯಕ್ಕೆ ಹೋಗುವವರು. ರಾಯರು 1671ರಲ್ಲಿ ಸಶರೀರವಾಗಿ ಬೃಂದಾವನ ಸೇರಿದರು, ಇನ್ನೂ ಒಳಗೆ ಇದ್ದಾರೆ ಅಂತ ನಂಬಿ ಬೆಳೆದವಳು. ಅವಳಿಗೆ ಯಾರೂ ಏನೂ ಬಿಡಿಸಿ ಹೇಳಬೇಕಾಗಲಿಲ್ಲ. "ನೈವೇದ್ಯ ಹೊಂಟದ" ಅಂದು ಸೆರಗಿಲ್ಲದ ಜಾಕೆಟ್ಟಿನ ಟೋಪಿಯನ್ನು ಹಿಂದೆ ಸರಿಸಿ ಕೈಮುಗಿದಳು. ಒಳಗೆ ದೀಪದ ಮಂಟಪದಲ್ಲಿ ಹತ್ತು ಸಾವಿರಕ್ಕೂ ಮೇಲೆ ದೀಪಗಳು ಉರಿಯುತ್ತಿದ್ದವು. ಮನೆಗೆ ಫೋನ್ ಮಾಡಿ ದೀಪಾವಳಿ ಆಯಿತು ಅಂತ ಹೇಳಿದೆವು.

ಒಸಾಕಾದ ಎರಡು ದಿನ ಗದ್ದಲ, ಬೆಳಕು, ಖರೀದಿ. ಒಕೊನೊಮಿಯಾಕಿ ಅಂತ ಎಲೆಕೋಸು ಹಾಕಿದ ದಪ್ಪ ಉತ್ತಪ್ಪದಂಥದ್ದು, ಎದುರಿಗಿರುವ ಕಾವಲಿಯ ಮೇಲೇ ಬೇಯುತ್ತೆ, ಮೇಲೆ ಉದುರಿಸಿದ ಕತ್ಸುವೊಬುಶಿ ಬಿಸಿಗೆ ಎದ್ದು ಕುಣಿಯುತ್ತೆ. ಮೂವರು ತಿಂದೆವು. ಸಾಗರ ಸೌತೆಕಾಯಿ ಸುಶಿ, ಎಳೆ ಸೋಯಾ ಕಾಯಿ ತಿಂದು, ನಮ್ಮ ಕಾವಲಿ ನೋಡುತ್ತಾ ಕೂತಿದ್ದಳು, ಮುಖದಲ್ಲಿ ಬೇಸರ ಇರಲಿಲ್ಲ.

ವಾಪಸು ಬಂದ ಮೇಲೆ ಜನವರಿಯಲ್ಲಿ ಸಾಗರದ ಅವಳ ತೌರಿನಲ್ಲಿ ಸೇರಿದಾಗ ಗೋಮದೋಫು ಮಾಡಲು ಕೂತೆವು. ಕುಜು ಇಲ್ಲ, ಅವಳ ಅಮ್ಮ ಕೂವೆ ಹಿಟ್ಟು ತಂದಿಟ್ಟರು. 50 ಗ್ರಾಂ ಕೂವೆ ಹಿಟ್ಟು, 50 ಗ್ರಾಂ ತೊಳೆದ ಬಿಳಿ ಎಳ್ಳು, 400 ಎಂಎಲ್ ನೀರು, ಚಿಟಿಕೆ ಉಪ್ಪು. ಎಳ್ಳನ್ನು ಹುರಿಯಬಾರದು, ಮೊದಲ ಸಲ ನಾವು ಹುರಿದು ಕಂದಾಯಿತು. ಎರಡನೇ ಸಲ ಗಟ್ಟಿಯಾದ ಕೂಡಲೇ ಇಳಿಸಿದೆವು, ಬಟ್ಟಲಲ್ಲಿ ಅಂಬಲಿಯಾಗಿ ಕೂತಿತು. ಮೂರನೇ ಸಲ ಅಮ್ಮ ನಮ್ಮನ್ನು ಸರಿಸಿ ತಾವೇ ಸೌಟು ತಗೊಂಡರು. ಗಟ್ಟಿಯಾದ ಮೇಲೂ ಸಣ್ಣ ಉರಿಯಲ್ಲಿ ಹದಿನೈದು ನಿಮಿಷ ತಿರುವಿದರು, ಹಾಲ್ಬಾಯಿಗೆ ತಿರುವಿದ ಹಾಗೆ, ತಳ ಬಿಟ್ಟು ಹೊಳಪು ಬರುವವರೆಗೆ. ತಣ್ಣೀರ ತಟ್ಟೆಯಲ್ಲಿ ಇಟ್ಟು ಎರಡು ಗಂಟೆ ಬಿಟ್ಟು ದಾರದಲ್ಲಿ ಕತ್ತರಿಸಿದರೆ ಅಂಚು ನೆಟ್ಟಗೆ ನಿಂತಿತು. ವಸಾಬಿ ಮುಗಿದಿತ್ತು. ಒಂದು ಚಮಚ ಸಾಸಿವೆ ಅರೆದು ಮೇಲೆ ಇಟ್ಟೆವು, ಮಂಗಳೂರು ತಂದಿದ್ದ ಬಾಟಲಿಯಿಂದ ಸೋಯಾ ಸಾಸ್ ಒಂದೊಂದು ಹನಿ. ಅಮ್ಮ ಒಂದು ತುಂಡು ಬಾಯಿಗಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದಕ್ಕೆ ಬೆಲ್ಲ ಹಾಕೂದು ಬ್ಯಾಡ" ಅಂದರು, ಇನ್ನೊಂದು ತುಂಡು ತಗೊಂಡರು.